ಕಾಮೆಂಟ್ರಿ ದ್ಯಾವಣ್ಣನ ಗೆರೆ

ಮದ್ದಿನ ಕಾಳು ಬರುವುದಕ್ಕೆ ಮುಂಚೆ ಮಂಡ್ಯದ ಆ ಮನೆಯಲ್ಲಿ ಗೋಡೆ ಗಡಿಯಾರ ಇದ್ದದ್ದು ಬರೀ ಚೆಂದಕ್ಕೆ. ಮನೆಯ ಹೊತ್ತು ನಡೆಯುತ್ತಿದ್ದದ್ದು ದ್ಯಾವಣ್ಣನ ಮಾತ್ರೆಯ ಮೇಲೆ. ಮಾತ್ರೆಗೆ ಮುಂಚೆ ಆತ ಕೂತರೆ ಕೂತಲ್ಲೇ, ನಿಂತರೆ ನಿಂತಲ್ಲೇ. ನೊಣ ಮೂಗಿನ ಮೇಲೆ ಕೂತರೂ ಓಡಿಸಲು ಕೈ ಏಳುತ್ತಿರಲಿಲ್ಲ. ಮಾತ್ರೆ ಹೊಟ್ಟೆಗೆ ಹೋಗಿ ಸ್ವಲ್ಪ ಹೊತ್ತಿಗೆ ಬೆರಳು ಬಿಚ್ಚುತ್ತಿದ್ದವು, ಕತ್ತು ತಿರುಗುತ್ತಿತ್ತು, ಆಮೇಲೆ ಬಾಯಿ. ಬಾಯಿ ಬಿಚ್ಚಿತೆಂದರೆ ಮುಗಿಯಿತು, ಓಣಿಯ ಕೊನೆಯ ಮನೆಯವರೂ ಟಿವಿ ಸದ್ದು ಜಾಸ್ತಿ ಮಾಡಿಕೊಳ್ಳಬೇಕು.

ದ್ಯಾವಣ್ಣ ಆಯುಷ್ಯವೆಲ್ಲ ಕಬಡ್ಡಿಗೆ ಕಾಮೆಂಟ್ರಿ ಹೇಳಿದವನು. ಮದ್ದೂರಿನಿಂದ ಕೆ.ಆರ್. ಪೇಟೆವರೆಗೆ ಎಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆದರೂ ಮೈಕು ಅವನ ಕೈಗೇ. ಆಟಗಾರರ ಹೆಸರು ಮರೆತವರಿಗೂ ಅವನ ಗಂಟಲು ನೆನಪಿತ್ತು. ಪಾರ್ಕಿನ್ಸನ್ ಕಾಯಿಲೆ ಮೊದಲು ಆ ಗಂಟಲನ್ನೇ ಹಿಡಿಯಿತು, ಆಮೇಲೆ ಕೈಕಾಲು. ಆದರೆ ಮಾತ್ರೆಯ ಮದ್ದು ರಕ್ತದಲ್ಲಿ ತುದಿಗೇರಿದ ಆ ಒಂದು ಹೊತ್ತು ಎಲ್ಲವೂ ವಾಪಸು ಬರುತ್ತಿತ್ತು. ಬರಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತಿತ್ತು. ತೋಳು, ಸೊಂಟ, ಕತ್ತು ತಮ್ಮಷ್ಟಕ್ಕೆ ತಾವು ಬಳುಕುತ್ತಿದ್ದವು, ಜೊತೆಗೆ ಮಾತು ಧೋ ಎಂದು ಸುರಿಯುತ್ತಿತ್ತು.

"ಕ್ರೀಡಾಭಿಮಾನಿಗಳೇ! ಅಡುಗೆಮನೆ ತಂಡದ ಹೆಸರಾಂತ ರೇಡರ್ ಚೆನ್ನಾಜಮ್ಮನವರು ಬಲಗೈಯಲ್ಲಿ ಸೌಟು ಹಿಡಿದು ಇದೀಗ ಮಧ್ಯಗೆರೆ ದಾಟಿದ್ದಾರೆ! ಎದುರಾಳಿ ಅಂಕಣದಲ್ಲಿ ಉಳಿದಿರುವುದು ಒಬ್ಬನೇ ಒಬ್ಬ ಆಟಗಾರ. ಅವನ ಕೈಕಾಲು ಅವನ ಮಾತನ್ನೇ ಕೇಳುತ್ತಿಲ್ಲ. ಮುಟ್ಟುತ್ತಾರಾ? ಮುಟ್ಟಿಯೇ ಬಿಟ್ಟರು! ಬೋನಸ್ ಪಾಯಿಂಟ್!"

"ಬಾಯ್ ಮುಚ್ಕಂಡು ಉಣ್ಣು," ಎಂದು ಚೆನ್ನಾಜಮ್ಮ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಮನೆಯಲ್ಲಿ ಅದಕ್ಕೆ ಮ್ಯಾಚು ಎಂದೇ ಹೆಸರು. ಹೇಳಬೇಕಾದ ಸುದ್ದಿ, ಮಾಡಬೇಕಾದ ಜಗಳ, ಕೇಳಬೇಕಾದ ಸಲಹೆ ಎಲ್ಲವನ್ನೂ ಆಕೆ ಮ್ಯಾಚಿನ ಹೊತ್ತಿಗೆಂದು ಎತ್ತಿಟ್ಟಿರುತ್ತಿದ್ದಳು.

ಮ್ಯಾಚಿನಲ್ಲಿ ಒಡೆದ ಲೋಟಕ್ಕೆ ಲೆಕ್ಕವಿರಲಿಲ್ಲ. ಬಳುಕುವ ಕಾಲು ಹೊಸಿಲಿಗೆ ತಾಗಿ ಬಿದ್ದು ಒಮ್ಮೆ ಹಣೆ ಒಡೆಯಿತು, ಇನ್ನೊಮ್ಮೆ ಮುಂಗೈ ಮುರಿಯಿತು. ಮದ್ದು ಇಳಿದ ಮೇಲಂತೂ ಮತ್ತೆ ಮರಗಟ್ಟಿ, ಬಚ್ಚಲಿನ ಬಾಗಿಲಲ್ಲೇ ನಿಂತು, ಹೆಂಡತಿ ಬಂದು ನೂಕುವವರೆಗೆ ಕಣ್ಣೀರು ಹಾಕುತ್ತಿದ್ದ. ಒಬ್ಬಳೇ ಮಗಳು ಪ್ರಮೀಳಾ ಇದನ್ನು ದಿನಾ ನೋಡುತ್ತಿದ್ದಳು. ನೋಡಿ ಸುಮ್ಮನಿರುವ ಹೆಣ್ಣಲ್ಲ ಅವಳು, ಅವಳ ಕೆಲಸವೂ ಅಂಥದ್ದೇ.

ಪ್ರಮೀಳಾ ಊರಾಚೆಯ ಮದ್ದಿನ ನಿಗಾ ಕೇಂದ್ರದಲ್ಲಿ ತಂತ್ರಜ್ಞೆ. ಅಲ್ಲಿಯ ದೊಡ್ಡ ಕೋಣೆಯ ಗೋಡೆಯಷ್ಟಗಲದ ಪರದೆಯ ಮೇಲೆ ಸುತ್ತಿನ ನಾಲ್ಕು ಜಿಲ್ಲೆಗಳ ರೋಗಿಗಳ ಗೆರೆಗಳು ಹರಿಯುತ್ತಿದ್ದವು. ಪ್ರತಿಯೊಬ್ಬರಿಗೂ ಎರಡು ಗೆರೆ. ಮೇಲಿನ ನೀಲಿ ಗೆರೆ ರಕ್ತದಲ್ಲಿ ಮದ್ದು ಎಷ್ಟಿದೆ ಎಂಬುದನ್ನು ತೋರಿಸುತ್ತಿತ್ತು. ಕೆಳಗಿನ ಹಳದಿ ಗೆರೆ ಕಾಳು ಎಷ್ಟು ಮದ್ದು ಬಿಡುತ್ತಿದೆ ಎಂಬುದನ್ನು.

ಕಾಳು ಎಂದರೆ ಅಕ್ಕಿಕಾಳಿಗಿಂತ ಕೊಂಚ ದಪ್ಪ, ಅಷ್ಟೇ. ತೋಳಿನ ಚರ್ಮದ ಕೆಳಗೆ ಒಮ್ಮೆ ಕೂರಿಸಿದರೆ ವರ್ಷವಿಡೀ ಮದ್ದನ್ನು ಒಸರುತ್ತದೆ. ರಕ್ತದಲ್ಲಿ ಮದ್ದು ಹೆಚ್ಚಾದರೆ ತಾನು ಬಿಡುವುದನ್ನು ಕಡಿಮೆ ಮಾಡುತ್ತದೆ, ಕಡಿಮೆಯಾದರೆ ಹೆಚ್ಚು ಮಾಡುತ್ತದೆ. ಹಾಗಾಗಿ ನೀಲಿ ಗೆರೆಗೆ ಏರೂ ಇಲ್ಲ, ಇಳಿತವೂ ಇಲ್ಲ. ಏರಿಲ್ಲದಿದ್ದರೆ ಮೈ ಬಳುಕುವುದಿಲ್ಲ, ಇಳಿತವಿಲ್ಲದಿದ್ದರೆ ಮರಗಟ್ಟುವುದಿಲ್ಲ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಕುಮುದಿನಿ ಇದನ್ನೆಲ್ಲ ವಿವರಿಸುವಾಗ ಮೇಜಿನ ಅಂಚಿನ ಮೇಲೆ ಬೆರಳು ಎಳೆದು ತೋರಿಸುತ್ತಿದ್ದರು. "ಇಷ್ಟು ನೇರ. ಅಡ್ಡಪರಿಣಾಮ ಅನ್ನೋದು ಗುಡ್ಡದ ತುದೀಲಿ ಮತ್ತೆ ಹಳ್ಳದ ತಳದಲ್ಲಿ ಇರುತ್ತೆ. ನಾವು ಗುಡ್ಡಾನೂ ತೆಗೀತೀವಿ, ಹಳ್ಳಾನೂ ಮುಚ್ತೀವಿ."

ಒಂದು ಎಚ್ಚರಿಕೆಯನ್ನೂ ಅವರು ಹೇಳುತ್ತಿದ್ದರು. ಯಾರಿಗಾದರೂ ಮದ್ದು ಕಡಿಮೆ ಸಾಕು ಎಂದಾದರೆ ಕೇಂದ್ರದಿಂದಲೇ ಆಜ್ಞೆ ಕಳಿಸಿ ಕಾಳಿನ ಹೊದಿಕೆಯನ್ನು ದಪ್ಪ ಮಾಡಬಹುದು. ಮತ್ತೆ ತೆಳು ಮಾಡಲು ಮಾತ್ರ ಬರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದರು. ತೆರೆಯುವ ದಾರಿ ಇಟ್ಟಿದ್ದರೆ ಒಂದು ತಪ್ಪಿಗೆ ವರ್ಷದ ಮದ್ದೆಲ್ಲ ಒಟ್ಟಿಗೇ ರಕ್ತಕ್ಕೆ ಸುರಿದು ಆಳು ಸತ್ತೇಹೋಗಬಹುದಿತ್ತು. ದಪ್ಪಗಾದ ಕಾಳು ಆಮೇಲೆ ಏರಿಸಲೂ ಆರದು, ಇಳಿಸಲೂ ಆರದು. ಒಂದೇ ಸಣ್ಣ ಒಸರು, ತಾನಾಗಿ ಕರಗಿ ಹೋಗುವವರೆಗೆ. ಮಾಂಸದೊಳಗೆ ಎಳೆ ಬಿಟ್ಟು ಕೂರುವುದರಿಂದ ಕೊಯ್ದು ತೆಗೆಯಲೂ ಆಗುವುದಿಲ್ಲ. ಅದು ಇರುವವರೆಗೆ ಇನ್ನೊಂದನ್ನು ಹಾಕಿದರೆ ಮೈ ಎರಡನ್ನೂ ಹೊರದಬ್ಬುತ್ತದೆ.

ಅಪ್ಪನಿಗೂ ಕಾಳು ಹಾಕಿಸೋಣ ಎಂದು ಪ್ರಮೀಳಾ ಹೇಳಿದ್ದು ಒಂದು ಮ್ಯಾಚಿನ ಹೊತ್ತಿನಲ್ಲಿ. ದ್ಯಾವಣ್ಣ ಬಳುಕುತ್ತಲೇ ಎರಡೂ ಕೈ ಎತ್ತಿದ. "ಅಂಪೈರ್ ಪ್ರಮೀಳಾ ಅವರು ಸೀಟಿ ಊದಿದ್ದಾರೆ! ಅಂಪೈರ್ ತೀರ್ಪೇ ಅಂತಿಮ!" ಚೆನ್ನಾಜಮ್ಮನಂತೂ ಹಿಂದೆಮುಂದೆ ನೋಡಲಿಲ್ಲ. ಗಂಡನ ಹಣೆಯ ಹೊಲಿಗೆ ಇನ್ನೂ ಹಸಿಯಾಗಿತ್ತು. "ಹಾಕ್ಸು ಮಗ. ಇವ್ರು ಬೀಳೋದ ನೋಡಿ ನೋಡಿ ನನ್ ಜೀವ ಅರ್ಧ ಆಗದೆ."

ಕಾಳು ಕೂತ ದಿನ ಪ್ರಮೀಳಾ ಉಳಿದ ಮಾತ್ರೆಗಳನ್ನು ಎಸೆಯಲು ಹೇಳಿದಳು. ಅವ್ವ ಅವನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ, ಅಟ್ಟಣಿಗೆಯ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟಳು. ಜ್ವರದ್ದು, ಮಂಡಿನೋವಿನದು, ಯಾವತ್ತೋ ತೀರಿಹೋದ ಅತ್ತೆಯ ಬಿಪಿಯದು, ಎಲ್ಲದರ ಉಳಿಕೆಯೂ ಆ ಡಬ್ಬಿಯಲ್ಲಿತ್ತು. "ಇರ್ಲಿ ಬುಡು, ಯಾರ್‍ಗಾದ್ರೂ ಆಗ್ತವೆ," ಎಂದಳು. ಆ ಓಣಿಯಲ್ಲಿ ಮಾತ್ರೆ ಎಸೆದವರನ್ನು ಯಾರೂ ಕಂಡಿಲ್ಲ. ಒಬ್ಬರಿಗೆ ಮುಗಿದದ್ದು ಇನ್ನೊಬ್ಬರಿಗೆ ಹೋಗುತ್ತದೆ, ಕರಿಬೇವಿನ ಸೊಪ್ಪಿನ ಹಾಗೆ. ಪ್ರಮೀಳಾ ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಅಪ್ಪನ ನೀಲಿ ಗೆರೆ ವಾರದೊಳಗೆ ನೇರವಾಯಿತು. ಬಳುಕಾಟ ನಿಂತಿತು. ಬಚ್ಚಲಿಗೆ ತಾನೇ ಹೋಗಿ ಬರತೊಡಗಿದ, ಲೋಟ ಹಿಡಿದರೆ ಕಾಫಿ ತುಳುಕುತ್ತಿರಲಿಲ್ಲ. ನೆಂಟರು ಬಂದು ನೋಡಿ ಹೋದರು. ಎದುರುಮನೆಯ ಪುಟ್ಟತಾಯಮ್ಮ ತನ್ನ ಭಾವನಿಗೂ ಕಾಳು ಹಾಕಿಸಿದಳು, ಅವನ ಮನೆಯಲ್ಲಿ ಉಳಿದ ಮಾತ್ರೆಗಳೂ ಚೆನ್ನಾಜಮ್ಮನ ಡಬ್ಬಿಗೇ ಬಂದವು. ವರ್ಷ ತುಂಬುವುದರೊಳಗೆ ಊರಲ್ಲಿ ಆ ಮಾತ್ರೆ ಕೇಳುವವರೇ ಇಲ್ಲವಾಗಿ, ಮೊದಲು ಅಂಗಡಿಯವರು ತರಿಸುವುದನ್ನು ಬಿಟ್ಟರು, ಆಮೇಲೆ ಕಂಪನಿಯವರು ಮಾಡುವುದನ್ನೇ ಬಿಟ್ಟರು. ದ್ಯಾವಣ್ಣನ ತೋಳಿಗೆ ಎರಡನೆಯ ಕಾಳು ಬಂತು.

ಎಲ್ಲ ಸರಿಹೋಯಿತು. ಆದರೆ ಮ್ಯಾಚು ನಿಂತುಹೋಯಿತು.

ದ್ಯಾವಣ್ಣ ಈಗ ಬೆಳಗಿನಿಂದ ಮಲಗುವವರೆಗೆ ಒಂದೇ ಹದದಲ್ಲಿರುತ್ತಿದ್ದ. ಕರೆದರೆ ಓ ಎನ್ನುತ್ತಿದ್ದ, ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಡುತ್ತಿದ್ದ. ದನಿ ಎದುರಿಗೆ ಕೂತವರಿಗೆ ಮಾತ್ರ ಕೇಳುವಷ್ಟು. ಟಿವಿಯಲ್ಲಿ ಕಬಡ್ಡಿ ಬಂದರೆ ನೋಡುತ್ತಿದ್ದ, ಯಾರು ಗೆದ್ದರೆಂದು ಕೇಳಿದರೆ ಹೇಳುತ್ತಿದ್ದ. ಅಷ್ಟೇ. ಚೆನ್ನಾಜಮ್ಮ ಸುದ್ದಿಗಳನ್ನು ಎತ್ತಿಟ್ಟುಕೊಂಡು ಕಾಯುತ್ತಿದ್ದಳು, ಹೊತ್ತು ಬರುತ್ತಿರಲಿಲ್ಲ. ಬೇಕೆಂದೇ ಸೌಟು ಹಿಡಿದು ಅವನ ಮುಂದೆ ಎರಡು ಸಲ ಓಡಾಡಿದಳು. "ಏನ್ ಬೇಕಿತ್ತು?" ಎಂದ ಮರ್ಯಾದಸ್ಥನ ಹಾಗೆ. ಮೂವತ್ತು ವರ್ಷ ಬಾಯಿ ಮುಚ್ಚು ಎಂದು ಬೈದ ಗಂಡನ ಬಾಯಿ ಕೊನೆಗೂ ಮುಚ್ಚಿತ್ತು, ಅವಳಿಗೆ ಉಸಿರು ಕಟ್ಟುತ್ತಿತ್ತು.

ಒಂದು ಭಾನುವಾರ ಅವರೆಕಾಳು ಸುಲಿಯುತ್ತ ಕೂತಾಗ ಅವ್ವ ಕೇಳಿಯೇಬಿಟ್ಟಳು. "ಅಲ್ಲ ಮಗ, ಅದ ಒಸಿ ಏರ್ಸಕಾಗಲ್ವಾ? ದಿನಕ್ಕೆ ಒಂದ್ ಗಳ್ಗೆ?"

"ಏರ್ಸಿದ್ರೆ ಮತ್ತೆ ಕುಣಿಯಕೆ ಸುರು ಆಯ್ತದೆ ಕಣವ್ವ. ಅದನ್ನ ತಪ್ಪಿಸಾಕೆ ತಾನೆ ಇಷ್ಟೆಲ್ಲ ಮಾಡಿದ್ದು?"

"ಕುಣೀಲಿ ಬುಡು. ನಾನು ಇಡ್ಕತೀನಿ."

"ಅವ್ವ, ಅದು ಅಡ್ಡಪರಿಣಾಮ. ಕಾಯ್ಲೆ ತರಾನೇ ಅದೂನೂ."

ಚೆನ್ನಾಜಮ್ಮ ಸುಲಿದ ಸಿಪ್ಪೆಯನ್ನು ಮೊರದ ಒಂದು ಕಡೆಗೆ ಸರಿಸಿದಳು. "ಅದ್ಕೇ ಕಣೆ ಯಾರ್ ತಾವೂ ಏಳ್ಕಳಂಗಿಲ್ಲ. ಗಂಡ ಉಸಾರಾಗವ್ನೆ, ಮನೇಲಿ ಮಾತಿಲ್ಲ ಅಂದ್ರೆ ಜನ ನಗ್ತಾರೆ."

ಗೋಡೆಗೊರಗಿ ಕೂತಿದ್ದ ದ್ಯಾವಣ್ಣ ಇದನ್ನೆಲ್ಲ ಕೇಳುತ್ತಿದ್ದ. ಬಹಳ ಹೊತ್ತಿನ ಮೇಲೆ ಅವನ ತುಟಿ ಅಲುಗಿತು. ಪ್ರಮೀಳಾ ಹತ್ತಿರ ಬಗ್ಗಿದಳು. "ಮಾತು ಐತೆ ಮಗ," ಎಂದ. "ಬಾಯ್ಗೆ ಬರೋ ಹೊತ್ಗೆ ತಣ್ಗಾಗೋಯ್ತದೆ."

ಅವಳಿಗೆ ಅಳು ಬಂತು. ಆದರೆ ಗೆರೆ ನೇರವಾಗಿತ್ತು. ನೇರ ಗೆರೆಯ ಮುಂದೆ ಅಳುವುದಕ್ಕೆ ಕಾರಣ ಕೊಡುವುದು ಹೇಗೆಂದು ಅವಳಿಗೇ ತಿಳಿಯಲಿಲ್ಲ. ಮರುದಿನ ಡಾಕ್ಟರ್ ಕುಮುದಿನಿಯವರನ್ನು ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು, "ಇದನ್ನ ಕೇಳಿದೋರು ನೀವೊಬ್ಬರೇ ಅಲ್ಲ, ಪ್ರಮೀಳಾ. ಆದ್ರೆ ಗುಡ್ಡ ಬೇಕು ಅಂತ ನಾನು ಯಾವ ಕೈಯಲ್ಲಿ ಬರೆದುಕೊಡ್ಲಿ?"

ಸಂಕ್ರಾಂತಿ ಕಳೆದ ಮೇಲೆ ಪರದೆಯ ಮೇಲೆ ಒಂದು ವಿಚಿತ್ರ ಕಾಣಿಸಿತು. ಅಪ್ಪನ ನೀಲಿ ಗೆರೆ ಎಂದಿನಂತೆ ನೇರ. ಕೆಳಗಿನ ಹಳದಿ ಗೆರೆ ಮಾತ್ರ ತಗ್ಗುತ್ತಿತ್ತು. ಕಾಳು ಕಡಿಮೆ ಮದ್ದು ಬಿಡುತ್ತಿದೆ, ಆದರೂ ರಕ್ತದಲ್ಲಿ ಮದ್ದು ಕಡಿಮೆಯಾಗಿಲ್ಲ. ಪ್ರಮೀಳಾ ಕಾಳು ಕೆಟ್ಟಿದೆಯೇ ಎಂದು ಪರೀಕ್ಷಿಸಿದಳು, ಕೆಟ್ಟಿರಲಿಲ್ಲ. ದಿನಗಳು ಹೋದಂತೆ ಹಳದಿ ಇನ್ನೂ ಇಳಿದು ನೆಲದ ಹತ್ತಿರ ಬಂತು. ಕೊನೆಗೆ ಡಾಕ್ಟರನ್ನು ಕರೆದು ತೋರಿಸಿದಳು.

ಕುಮುದಿನಿ ಕುರ್ಚಿ ಎಳೆದುಕೊಂಡು ಕೂತರು. ಎರಡೂ ಗೆರೆಗಳನ್ನು ಹಿಂದಕ್ಕೆ ಸರಿಸಿ ಸರಿಸಿ ನೋಡಿದರು. ಆಮೇಲೆ ಅವರ ದನಿಯೇ ಬದಲಾಗಿತ್ತು. "ಈ ಮದ್ದಲ್ಲಿರೋ ಪದಾರ್ಥಾನ ಆರೋಗ್ಯವಾಗಿರೋರ ಮಿದುಳು ತಾನೇ ಮಾಡಿಕೊಳ್ಳುತ್ತೆ. ಈ ಕಾಯಿಲೇಲಿ ಆ ಕೋಶಗಳು ಸಾಯ್ತವೆ. ನಿಮ್ಮ ತಂದೇಲಿ ಅವು ಮತ್ತೆ ಎದ್ದಿರಬಹುದು. ಕಾಳು ಕೊಡೋದು ಬೇಡ ಅನ್ನೋ ಅಷ್ಟು ಅವರ ಮೈಯೇ ಮಾಡಿಕೊಳ್ತಾ ಇದೆ." ನೇರ ಗೆರೆಯಲ್ಲಿ ವರ್ಷಗಟ್ಟಲೆ ವಿಶ್ರಾಂತಿ ಸಿಕ್ಕರೆ ಕೋಶಗಳು ಚೇತರಿಸಿಕೊಳ್ಳಬಹುದು ಎಂದು ಅವರು ಹಿಂದೆಯೇ ಊಹಿಸಿದ್ದರಂತೆ, ಯಾರೂ ನಂಬಿರಲಿಲ್ಲವಂತೆ. "ಹೊರಗಿನಿಂದ ಬೇರೆ ಏನೂ ಹೋಗ್ತಿಲ್ಲ ಅನ್ನೋದು ಖಾತ್ರಿ ಮಾಡಿಕೊಳ್ಳಿ."

ಪ್ರಮೀಳಾ ಅಲ್ಲಿಂದಲೇ ಫೋನು ಮಾಡಿದಳು. "ಅವ್ವ, ಅಪ್ಪಂಗೆ ಹೊಸ್ದಾಗಿ ಏನೂ ಕೊಡ್ತಿಲ್ಲ ತಾನೆ? ನಾಟಿ ಔಷ್ದಿ, ಕಷಾಯ, ಏನೂ ಇಲ್ಲ ಅಲ್ವಾ?"

ಆ ಕಡೆ ಕುಕ್ಕರು ಕೂಗುತ್ತಿತ್ತು. "ಇಲ್ಲ ಕಣವ್ವ," ಎಂದಳು ಚೆನ್ನಾಜಮ್ಮ. ಹಾಗೆ ಕೇಳಿದರೆ ಇಲ್ಲ ಎನ್ನದೆ ಇನ್ನೇನು ಎನ್ನುತ್ತಾರೆ? ಪ್ರಮೀಳಾಗೆ ಆಗ ಇದು ಹೊಳೆಯಲಿಲ್ಲ.

ಸಂಜೆ ಮೈಸೂರುಪಾಕು ಕಟ್ಟಿಸಿಕೊಂಡು ಮನೆಗೆ ಹೋದಳು. ಅಪ್ಪನ ಕಾಲ ಬಳಿ ಕೂತು ಎಲ್ಲ ಹೇಳಿದಳು. "ನಿನ್ ತಲೆಯೇ ಮದ್ದು ಮಾಡ್ಕತಾ ಐತಂತೆ ಕಣಪ್ಪ!" ದ್ಯಾವಣ್ಣ ನಿಧಾನವಾಗಿ ಅವಳ ತಲೆಯ ಮೇಲೆ ಕೈಯಿಟ್ಟ. "ಒಳ್ಳೇದಾಯ್ತು," ಎಂದ, ಅದೇ ತಣ್ಣನೆಯ ದನಿಯಲ್ಲಿ. ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಏನೋ ಗೆದ್ದ ಕಳೆ. "ಅಂಗಾದ್ರೆ ವಾಸಿ ಆಯ್ತಾ ಅವ್ರಾ?" ಎಂದು ಎರಡೆರಡು ಸಲ ಕೇಳಿ, ದೇವರ ಮುಂದೆ ದೀಪ ಹಚ್ಚಿದಳು. ಒಲೆಯ ಪಕ್ಕ ಜೇನುತುಪ್ಪದ ಬಾಟಲಿಯೂ ಏಲಕ್ಕಿ ಕುಟ್ಟುವ ಪುಟ್ಟ ಕುಟ್ಟಾಣಿಯೂ ಇದ್ದವು. ಪ್ರಮೀಳಾ ಅವನ್ನು ನೋಡಿದಳು, ನೋಡಿಯೂ ನೋಡಲಿಲ್ಲ.

ಹೊದಿಕೆ ದಪ್ಪ ಮಾಡುವ ಆಜ್ಞೆ ಸೋಮವಾರ ಹೋಯಿತು. ಮೈ ತಾನೇ ಮಾಡಿಕೊಳ್ಳುವಾಗ ಕಾಳೂ ಸುರಿದರೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸತೊಡಗುತ್ತದೆ, ನಿಯಮವೇ ಹಾಗಿತ್ತು. ಇಬ್ಬರು ಒಟ್ಟಿಗೆ ಒತ್ತಬೇಕಾದ ಎರಡು ಗುಂಡಿ ಅವು. ಒಂದನ್ನು ಕುಮುದಿನಿ ಒತ್ತಿದರು, ಇನ್ನೊಂದರ ಮೇಲೆ ಪ್ರಮೀಳಾಳ ಬೆರಳಿತ್ತು. "ನಿಮ್ಮ ಕೈಯಿಂದಲೇ ಆಗಲಿ," ಎಂದು ಅವರೇ ಹೇಳಿದ್ದರು. ಅವಳು ಕಣ್ಣು ಮುಚ್ಚಿ ಒತ್ತಿದಳು. ಹಳದಿ ಗೆರೆ ಒಮ್ಮೆ ಮಿಡಿದು, ನೆಲಕ್ಕಂಟಿ, ಇನ್ನು ಅಲುಗದ ಹಾಗೆ ನಿಂತಿತು. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು.

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಅವ್ವನ ಫೋನು ಬಂತು. ಅವ್ವ ಕೂಗುತ್ತಿದ್ದಳು, ಅಳುತ್ತಿದ್ದಳು, ನಗುತ್ತಿದ್ದಳು. ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

"ಬಂತು ಕಣೆ! ಮ್ಯಾಚು ಬಂತು! ಕೇಳ್ಸ್ಕೊ, ನಿಮ್ಮಪ್ಪುನ್ ಗಂಟ್ಲು ಕೇಳ್ಸ್ಕೊ!"

ಹಿಂದಿನಿಂದ ಆ ಗಂಟಲು ಕೇಳಿಸಿತು. ವರ್ಷದ ಮೇಲಾಗಿ ಕೇಳದ ಗಂಟಲು. "ಕ್ರೀಡಾಭಿಮಾನಿಗಳೇ! ದೀರ್ಘ ವಿರಾಮದ ಬಳಿಕ ಅಂಕಣಕ್ಕೆ ಮರಳಿದ್ದಾರೆ ನಿಮ್ಮ ನೆಚ್ಚಿನ ದ್ಯಾವಣ್ಣ! ಚೆನ್ನಾಜಮ್ಮನವರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಟೈಮ್ ಔಟ್ ಕೇಳಬಹುದಾ? ಕೇಳುವಂತಿಲ್ಲ!"

ಪ್ರಮೀಳಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಅಳುನಗುವಿನಲ್ಲೇ ತಲೆ ಎತ್ತಿ ಪರದೆ ನೋಡಿದಳು. ಅಪ್ಪನ ನೀಲಿ ಗೆರೆ ನೇರವಾಗಿರಲಿಲ್ಲ. ಅದು ಏರುತ್ತಿತ್ತು, ಕಡಿದಾಗಿ, ಗುಡ್ಡದ ಹಾಗೆ. ಮಿದುಳು ತಾನಾಗಿ ಮಾಡಿಕೊಂಡದ್ದು ಹಾಗೆ ಏರುವುದಿಲ್ಲ. ಹಾಗೆ ಏರುವುದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಳು ಬರುವ ಮುಂಚಿನ ಎಲ್ಲರ ಗೆರೆಯೂ ಹೀಗೇ ಇತ್ತು.

"ಅವ್ವ," ಎಂದಳು. "ಅಪ್ಪಂಗೆ ಮಾತ್ರೆ ಕೊಟ್ಯಾ?"

"ಬೈಬ್ಯಾಡ ಕಣವ್ವ. ಹಬ್ಬ ಆದಾಗ್ಲಿಂದ ಕೊಡ್ತಾವ್ನಿ. ಡಬ್ಬೀಲಿದ್ವಲ್ಲ, ಪುಟ್ಟತಾಯಿ ಕೊಟ್ಟವೂ ಸೇರಿ. ಪುಡಿ ಮಾಡಿ ಜೇನ್ತುಪ್ಪದಾಗೆ ನೆಕ್ಕುಸ್ತಿದ್ದೆ, ಊಟ ಊಟಕ್ಕೂ. ಒಂದಿನಾನೂ ಬಾಯ್ ಬುಡ್ನಿಲ್ಲ ಅವ್ರು. ಸಾಲ್ದೇನೋ ಅಂತ ಇನ್ನೊಂದ್ ಸೇರ್ಸ್ದೆ, ಆಗ್ಲೂ ಇಲ್ಲ. ಆಮೇಲೆ ನೀನೇ ಬಂದು ವಾಸಿ ಆಗದೆ ಅಂದ್ಯಲ್ಲ, ನಂಗೆ ಧೈರ್ಯ ಬಂತು, ಕೊಡ್ತಾನೇ ಇದ್ದೆ. ನೋಡೀಗ!"

ಎಲ್ಲವೂ ಒಂದಾದ ಮೇಲೊಂದು ಬಂದು ಕೂತವು. ಅವ್ವ ಕೊಟ್ಟಷ್ಟನ್ನೂ ಕಾಳು ತನ್ನ ಪಾಲಿನಿಂದ ಕಳೆಯುತ್ತಿತ್ತು. ಅದಕ್ಕೇ ಗೆರೆ ನೇರವಿತ್ತು, ಅದಕ್ಕೇ ಮ್ಯಾಚು ಬರಲಿಲ್ಲ, ಅದಕ್ಕೇ ಹಳದಿ ಇಳಿಯಿತು. ಎದ್ದ ಕೋಶವೂ ಇಲ್ಲ, ಮಣ್ಣೂ ಇಲ್ಲ. ನಿನ್ನೆ ಅವಳ ಬೆರಳು ಕಾಳಿನ ಬಾಯಿ ಕಟ್ಟಿತ್ತು. ಇವತ್ತು ಕಳೆಯುವವರು ಯಾರೂ ಇರಲಿಲ್ಲ, ಹಾಗಾಗಿ ಮಾತ್ರೆ ತುದಿಗೇರಿತ್ತು.

"ಎಷ್ಟ್ ಉಳ್ದಾವೆ ಅವ್ವ, ಡಬ್ಬೀಲಿ?"

"ಇವತ್ತಿಂದೇ ಕಡೇವು ಕಣೆ. ಡಬ್ಬಿ ತೊಳ್ದು ಬೋರಲಾಕಿವ್ನಿ. ಇನ್ಯಾಕೆ ಬೇಕು, ವಾಸಿ ಆದ್ರಲ್ಲ!"

ಪಕ್ಕದಲ್ಲಿ ಡಾಕ್ಟರ್ ಕುಮುದಿನಿ ಬಂದು ನಿಂತಿದ್ದರು. ಅವರೂ ಗೆರೆ ನೋಡುತ್ತಿದ್ದರು, ಫೋನಿನಿಂದ ಬರುತ್ತಿದ್ದ ಮಾತೂ ಅವರಿಗೆ ಕೇಳಿಸುತ್ತಿತ್ತು. ಪ್ರಮೀಳಾ ಅವರ ಮುಖ ನೋಡಿದಳು. ಏನಾದರೂ ಹೇಳಲಿ, ಯಾವುದಾದರೂ ದಾರಿ ಇದೆ ಎನ್ನಲಿ ಎಂದು ಕಾದಳು. ಹೊದಿಕೆ ತೆಳುವಾಗುವುದಿಲ್ಲ. ಕಾಳು ಕರಗಲು ಇನ್ನೂ ಬಹಳ ತಿಂಗಳಿವೆ. ಆ ಮಾತ್ರೆ ಯಾವ ಊರಿನ ಯಾವ ಅಂಗಡಿಯಲ್ಲೂ ಇಲ್ಲ. ಇದೆಲ್ಲ ಇಬ್ಬರಿಗೂ ಗೊತ್ತಿತ್ತು. ಕುಮುದಿನಿ ಅವಳ ಭುಜ ಹಿಡಿದುಕೊಂಡರು.

ಅಲ್ಲಿ ಮನೆಯಲ್ಲಿ ಓಣಿಯವರು ಸೇರುತ್ತಿದ್ದರು. ಪುಟ್ಟತಾಯಮ್ಮನ ನಗು ಕೇಳಿಸಿತು. ಯಾರೋ ಸೀಟಿ ಹೊಡೆದರು. ಅವ್ವ ಫೋನನ್ನು ಗಂಡನ ಬಾಯಿಗೆ ಹಿಡಿದಿರಬೇಕು, ಅವನ ಉಸಿರೂ ಈಗ ಹತ್ತಿರವಾಗಿತ್ತು.

"ಮಾನ್ಯ ಪ್ರೇಕ್ಷಕರೇ, ಫೋನಿನ ಆ ತುದಿಯಲ್ಲಿ ನಮ್ಮ ಅಂಪೈರ್ ಪ್ರಮೀಳಾ ಅವರಿದ್ದಾರೆ! ಆದರೆ ಏನಾಶ್ಚರ್ಯ, ಅಂಪೈರ್ ಮಾತಾಡುತ್ತಿಲ್ಲ! ಸೀಟಿ ಊದುತ್ತಿಲ್ಲ! ಯಾಕೆ ಮಗ? ಆಟ ಸರಿಯಾಗಿದೆ ತಾನೆ?"

ಪ್ರಮೀಳಾ ಅಂಗೈಯಿಂದ ಬಾಯಿ ಒತ್ತಿಕೊಂಡಳು. ಪರದೆಯ ಮೇಲೆ ನೀಲಿ ಗೆರೆ ತುದಿ ಮುಟ್ಟಿ, ಇನ್ನು ಏರಲಾರದೆ, ಆ ಕಡೆಗೆ ಬಾಗತೊಡಗಿತ್ತು. ಈಗ ಹೇಳಿದರೂ ಅದು ಇಳಿಯುತ್ತದೆ, ಹೇಳದಿದ್ದರೂ ಇಳಿಯುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋಗಿ ಹೇಳಿದರಾಯಿತು. ಆಗ ಅಪ್ಪ ಮತ್ತೆ ಮರಗಟ್ಟಿರುತ್ತಾನೆ, ಹೇಳುವುದೇ ಬೇಡವಾಗಿರುತ್ತದೆ.

"ಸರಿಯಾಗೈತೆ ಕಣಪ್ಪ," ಎಂದಳು. "ನಿಲ್ಲುಸ್ಬೇಡ, ಏಳು. ನಾನು ಕೇಳ್ತಾ ಇವ್ನಿ."

ದ್ಯಾವಣ್ಣ ಹೇಳುತ್ತಲೇ ಹೋದ.